ಯಾವ ದಾರಿ ಎಂದು ಕೇಳಿದ ತಪ್ಪಿಗೆ

ಹೊಡೆದವನನ್ನು ಕ್ಷಮಿಸಿ ಮರೆತೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಅವರಿಗೆ ಏಟು ಸರಿಯಾಗಿ ಬಿದ್ದಿರುವುದಿಲ್ಲ, ಇಲ್ಲವೇ ಹೊಡೆದವನ ಹಂಗಿನಲ್ಲಿ ಅವರು ಇನ್ನೂ ಇರುತ್ತಾರೆ. ನನಗೆ ಬಿದ್ದದ್ದು ಅಕ್ಕಿಆಲೂರಿನ ಸಂತೆಯ ದಿನ, ಅಕ್ಕಿ ಗಿರಣಿಯ ಮುಂದೆ, ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ನನ್ನನ್ನು ಬಲ್ಲ ಅರ್ಧ ಮಂದಿ ಅಲ್ಲಿ ನೆರೆದಿದ್ದಾಗ. ಹೊಡೆದವನು ಆ ಗಿರಣಿಯ ಸಾವಕಾರ. ನಾನು ಅವನ ಮೋಟಾರಿನ ಡ್ರೈವರ. ನಾನು ಮಾಡಿದ ತಪ್ಪೆಂದರೆ, ಹೊರಟು ನಿಂತಾಗ ಯಾವ ದಾರಿಯಿಂದ ಹೋಗೋಣ ಎಂದು ಕೇಳಿದ್ದು.

ನಾನು ಹಿರೇಕೆರೂರು ಕಡೆಯವನು. ಅಪ್ಪ ಬಾಡಿಗೆ ಗಾಡಿ ಹೊಡೆಯುತ್ತಿದ್ದ. ನಾನು ಎತ್ತಿನ ಬಾಲ ತಿರುವುವುದು ಬೇಡವೆಂದು ಹುಬ್ಬಳ್ಳಿಗೆ ಓಡಿಹೋಗಿ, ಮೂರು ವರ್ಷ ಬಸ್ಸು ತೊಳೆದು, ಗಾಲಿ ಬಿಚ್ಚಿ, ಬೈಸಿಕೊಂಡು, ಡ್ರೈವರಿಕೆ ಕಲಿತೆ. ಧಾರವಾಡದಲ್ಲಿ ಸಾಹೇಬರ ಮುಂದೆ ಮೋಟಾರು ಓಡಿಸಿ ತೋರಿಸಿ ಲೈಸೆನ್ಸು ಪಡೆದೆ. ಅಂಗೈಯಷ್ಟು ಪುಸ್ತಕ, ಒಳಗೆ ನನ್ನ ಭಾವಚಿತ್ರ. ಭಾವಚಿತ್ರ ತೆಗೆಸುವ ದಿನ ಎರವಲು ಕೋಟು ಹಾಕಿಕೊಂಡಿದ್ದೆ, ತೋಳು ಗಿಡ್ಡವಾಗಿತ್ತು. ನಮ್ಮ ಮನೆತನದಲ್ಲಿ ಸರಕಾರದ ಮೊಹರು ಬಿದ್ದ ಮೊದಲ ಮುಖ ಅದು. ಅವ್ವ ಅದನ್ನು ದೇವರ ಜಗುಲಿಯ ಮೇಲೆ ಇಟ್ಟು, ಕುಂಕುಮ ಹಚ್ಚಲು ಬಂದಾಗ ಕೈ ಹಿಡಿದು ನಿಲ್ಲಿಸಿದ್ದೆ.

ಮೂವತ್ತರ ದಶಕದ ಕೊನೆಯ ವರ್ಷಗಳು. ಆಗಿನ ದಾರಿಗಳನ್ನು ಈಗ ಡಾಂಬರಿನ ಮೇಲೆ ಹೋಗುವವರಿಗೆ ಹೇಗೆ ಹೇಳಲಿ. ಹಿರೇಕೆರೂರಿನ ದೊಡ್ಡ ಕೆರೆಯ ಏರಿ ಇಳಿದರೆ ಕೆಂಪು ಮಣ್ಣು, ಗರಸು, ಎರಡೂ ಕಡೆ ಕಲ್ಲುಗುಡ್ಡ. ಮೋಟಾರಿನ ಹಿಂದೆ ಏಳುವ ಧೂಳಿಗೆ ಬೆಳಗಿನ ಬಿಸಿಲು ಬಿದ್ದರೆ ಇಡೀ ದಾರಿಯೇ ಕೆಂಪಗೆ ಬೆಳಗುತ್ತಿತ್ತು. ಚಿಕ್ಕೇರೂರು ದಾಟಿ ಅಕ್ಕಿಆಲೂರು, ಹಾನಗಲ್ಲು ಎಂದರೆ ಭತ್ತದ ಸೀಮೆ: ಕಾಲುವೆ, ಕೆರೆ, ಬೆಳ್ಳಕ್ಕಿ, ಗದ್ದೆಯ ಬದುವಿನ ಮೇಲೆಯೇ ಹಾದಂತೆ ಕಾಣುವ ಕಿರಿದಾದ ದಾರಿ. ಅಲ್ಲಿ ಎದುರಿಗೆ ಗಾಡಿ ಬಂದರೆ ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯಬೇಕು, ಎತ್ತು ಹಿಂದೆ ಸರಿಯುವುದಿಲ್ಲವಾದ್ದರಿಂದ ಯಾವಾಗಲೂ ನಾನೇ. ಇನ್ನೂ ಮೂಡಲಿಗೆ ಬಂಕಾಪುರ ದಾಟಿ ಸವಣೂರಿನ ಕಡೆ ತಿರುಗಿದರೆ ಮಣ್ಣು ಕಪ್ಪಗಾಗುತ್ತದೆ. ಎರಿ ಭೂಮಿ. ಜೋಳ, ಹತ್ತಿ, ಕಣ್ಣು ಹಾಯುವವರೆಗೆ ಒಂದು ಗಿಡ ಅಡ್ಡ ಬರದ ಬಯಲು. ಬೇಸಿಗೆಯಲ್ಲಿ ಆ ಬಯಲಿನಲ್ಲಿ ಮೋಟಾರು ಬಿಟ್ಟರೆ ಬಿಟ್ಟದ್ದೇ, ಹಕ್ಕಿಗೂ ಅಷ್ಟು ಸುಖ ಇರಲಿಕ್ಕಿಲ್ಲ. ಮಳೆ ಬಿದ್ದರೆ ಮಾತ್ರ ಎರಿಯ ಮೇಲೆ ಮೋಟಾರಿನವನು ಕಾಲಿಡಬಾರದು.

ಈ ಎಲ್ಲ ದಾರಿಯನ್ನೂ ನಾನು ಬಲ್ಲೆ. ಸಾವಕಾರನಿಗೆ ಒಂದೂ ಗೊತ್ತಿರಲಿಲ್ಲ. ಆದರೆ ಬಂದ ನೆಂಟರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರೂರು ತೋರಿಸುವುದು ಅವನ ಶೋಕಿ. ಈ ಕೆರೆ ಯಾರು ಕಟ್ಟಿಸಿದ್ದು, ಆಡೂರಿನ ಶಾಸನದ ಕಲ್ಲು ಎಷ್ಟು ಹಳೆಯದು, ಎಂದು ನಾನು ಹಿಂದಿನ ವಾರ ಹೇಳಿದ್ದನ್ನೇ ಈ ವಾರ ನನ್ನ ಬೆನ್ನ ಹಿಂದೆ ಕೂತು ತನ್ನದೆಂಬಂತೆ ಹೇಳುತ್ತಿದ್ದ. ಕೆಲವೊಮ್ಮೆ ತಪ್ಪಾಗಿ ಹೇಳುತ್ತಿದ್ದ. ನಾನು ಹಲ್ಲು ಕಚ್ಚಿ ಮುಂದೆ ನೋಡುತ್ತಿದ್ದೆ.

ನಮ್ಮ ಕಡೆ ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ತಿಳಿಯಲೇಬೇಕಿದ್ದರೆ "ದೂರ ಹೊಂಟ್ರೇನು?" ಎಂದು ಕೇಳಿ, ಅವರು ಹೇಳಿದಷ್ಟಕ್ಕೆ ಸುಮ್ಮನಿರಬೇಕು. ಎತ್ತಿನ ಗಾಡಿಯ ಕಾಲಕ್ಕೆ ಇದರಿಂದ ತೊಂದರೆ ಇರಲಿಲ್ಲ. ಊರಬಾಗಿಲ ಅಗಸಿ ದಾಟಿದ ಮೇಲೆ ನಿಧಾನವಾಗಿ ಕೇಳಿದರೂ ನಡೆಯುತ್ತಿತ್ತು. ಮೋಟಾರಿಗೆ ಹಾಗಲ್ಲ. ಅಕ್ಕಿಆಲೂರಿನ ಗಿರಣಿಯ ಬಾಗಿಲಲ್ಲೇ ದಾರಿ ಒಡೆಯುತ್ತದೆ, ಎಡವೋ ಬಲವೋ ಅಲ್ಲೇ ತಿರುಗಿಸಬೇಕು. ಎಷ್ಟು ಪೆಟ್ರೋಲು ಹಾಕಬೇಕು ಎಂದಾದರೂ ಗೊತ್ತಾಗಬೇಕು. ಹಿಂದಿನ ಸಂಜೆಯೇ ಕೇಳೋಣವೆಂದರೆ, ತಾನು ಹೋಗುವುದು ನಾಲ್ಕು ಮಂದಿಗೆ ಗೊತ್ತಾದೀತೆಂದು ಸಾವಕಾರ ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಅವನ ಟೊಪ್ಪಿಗೆ ನೋಡಿ ದೂರವೋ ಹತ್ತಿರವೋ ಎಂದು ಊಹಿಸುವುದನ್ನು ಕಲಿತಿದ್ದೆ. ಜರಿ ಅಂಚಿನ ಟೊಪ್ಪಿಗೆ ಹಾಕಿದರೆ ಡಬ್ಬಿ ತುಂಬ ಪೆಟ್ರೋಲು.

ಆ ಸಂತೆಯ ದಿನ ಅವನು ಮಗಳ ಸಂಬಂಧದ ಮಾತಿಗೆ ಸವಣೂರಿಗೆ ಹೊರಟಿದ್ದ. ಅದು ನನಗೆ ಆಮೇಲೆ ಗೊತ್ತಾದದ್ದು. ಬೆಳಿಗ್ಗೆ ಹ್ಯಾಂಡಲ್ ಹೊಡೆದು ಇಂಜಿನು ಚಾಲೂ ಮಾಡಿ, ಅವನು ಕೂತ ಮೇಲೆ, ಮೋಡ ನೋಡಿ ಕೇಳಿಬಿಟ್ಟೆ.

"ಯಾವ ಹಾದಿಲೆ ಹೋಗೂದ್ರಿ ಸಾವಕಾರ್ರ?"

ಅವನು ಕೈಯಿಂದ ಹಾನಗಲ್ಲಿನ ಕಡೆ ತೋರಿಸಿದ. ಸವಣೂರಿಗೆ ಹೋದೆವು. ಹುಡುಗನ ಕಡೆಯವರು ಖಾರದ ತಿಂಡಿ ಕೊಟ್ಟರು, ಎಲೆ ಅಡಿಕೆ ಕೊಟ್ಟರು, ಆಮೇಲೆ ಬೇರೆ ಕಡೆ ಮಾತು ಕೊಟ್ಟಾಗಿದೆ ಎಂದರು. ಅವರು ಮಾತು ಕೊಟ್ಟು ಎಂಟು ದಿನವಾಗಿತ್ತಂತೆ. ಎಂಟು ದಿನದ ಹಿಂದೆ ಆದದ್ದಕ್ಕೆ ಆ ಬೆಳಿಗ್ಗೆ ಕೇಳಿದ ನಾನು ಹೇಗೆ ಕಾರಣ ಎಂದು ಸಾವಕಾರ ಯೋಚಿಸಲಿಲ್ಲ. ತಿರುಗಿ ಬಂದೆವು. ಮಧ್ಯಾಹ್ನ ಸಂತೆ ತುಂಬಿದ್ದಾಗ ಗಿರಣಿಯ ಮುಂದೆ ಮೋಟಾರು ನಿಂತಿತು. ಇಳಿದ. ನನ್ನನ್ನೂ ಇಳಿಸಿದ. ಕೆನ್ನೆಗೆ ಬಾರಿಸಿದ.

"ಹೊಂಟ ನಿಂತಾಗ ಹಾದಿ ಕೇಳ್ತಿಯೇನಲೇ? ಇನ್ನೊಮ್ಮೆ ಬಾಯಿ ತಗದ್ರ ನಾಲಿಗಿ ಇರಂಗಿಲ್ಲ ನೋಡು. ನಾ ಕೈ ಮಾಡಿದ ಕಡೆ ಹೋಗೂದು ಅಷ್ಟ ನಿನ್ನ ಕೆಲಸ."

ಮೆಣಸಿನಕಾಯಿ ಅಳೆಯುತ್ತಿದ್ದವನು ಸೇರು ಕೈಯಲ್ಲಿ ಹಿಡಿದುಕೊಂಡೇ ನಿಂತ. ನಮ್ಮೂರ ಕಡೆಯ ಒಬ್ಬ ಮುದುಕ, ಅಪ್ಪನ ಜೊತೆ ಗಾಡಿ ಕಟ್ಟುತ್ತಿದ್ದವನು, ನನ್ನನ್ನು ಕಂಡೂ ಕಾಣದವನಂತೆ ಅತ್ತ ತಿರುಗಿದ. ಆ ಮುದುಕನ ದಾಕ್ಷಿಣ್ಯ ನನಗೆ ಏಟಿಗಿಂತ ಹೆಚ್ಚು ಉರಿಯಿತು. ಸಾವಕಾರ ನನ್ನ ಅಂಗಿಯ ಕಿಸೆಗೆ ಕೈ ಹಾಕಿ ಲೈಸೆನ್ಸು ತೆಗೆದುಕೊಂಡು ಒಳಗೆ ಹೋದ. ಅದು ಅವನ ಕಬ್ಬಿಣದ ಪೆಟ್ಟಿಗೆ ಸೇರಿತು.

ಲೈಸೆನ್ಸಿಲ್ಲದ ಡ್ರೈವರ ಬೇರೆಲ್ಲಿಯೂ ಹೋಗಲಾರ. ಅದಕ್ಕೇ ಕಿತ್ತುಕೊಂಡದ್ದು. ಹಿರೇಕೆರೂರಿನಿಂದ ಶಿಗ್ಗಾವಿಗೆ ಹೊಸದಾಗಿ ಬಸ್ಸು ಹಾಕುತ್ತಿದ್ದವರೊಬ್ಬರು ಮೊದಲೇ ನನ್ನನ್ನು ಕರೆದಿದ್ದರು. ದೀಪಾವಳಿಗೆ ಬಸ್ಸು ಬಿಡುತ್ತೇನೆ, ಲೈಸೆನ್ಸು ಹಿಡಿದುಕೊಂಡು ಬಾ, ಬರದಿದ್ದರೆ ಬೇರೆಯವನನ್ನು ನೋಡುತ್ತೇನೆ ಎಂದಿದ್ದರು. ಅದಕ್ಕಿಂತ ಕೆಟ್ಟದ್ದು, ಲೈಸೆನ್ಸಿನ ವರ್ಷ ಅದೇ ಹೊತ್ತಿಗೆ ತುಂಬುತ್ತಿತ್ತು. ಧಾರವಾಡಕ್ಕೆ ಒಯ್ದು ಹೊಸ ಸಹಿ ಮಾಡಿಸದಿದ್ದರೆ ಅದು ರದ್ದಿ ಕಾಗದ. ಆ ಪುಸ್ತಕ ನನ್ನ ಕೈಗೆ ಬರಬೇಕು. ಬರುವಾಗ ಸಾವಕಾರನ ಮಾನ ಹೋಗಬೇಕು. ಇವೆರಡನ್ನು ಬಿಟ್ಟು ಮೂರು ತಿಂಗಳು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಆ ಮೂರು ತಿಂಗಳು ನಾನು ಬಾಯಿ ಬಿಡಲಿಲ್ಲ. ಅವನು ಕೈ ಮಾಡಿದ ಕಡೆ ಹೋದೆ. ಒಮ್ಮೆ ತಪ್ಪು ಕಡೆ ಕೈ ಮಾಡಿದ, ತಪ್ಪು ಕಡೆಯೇ ಹೋದೆ. ತಿಲವಳ್ಳಿಗೆ ಮುಟ್ಟಬೇಕಾದವನು ಆಡೂರಿನ ಹೊಲದಲ್ಲಿ ಇಳಿದು, ತನ್ನ ಅಪ್ಪಣೆಯೇ ಎಂದು ನೆನಪಾಗಿ, ಗೊಣಗಿ ಸುಮ್ಮನಾದ. ಆ ದಿನ ನನಗೆ ಉಪಾಯ ಹೊಳೆಯಿತು. ಅವನ ಮಾತನ್ನು ಮೀರಬೇಕಿರಲಿಲ್ಲ. ಪೂರಾ ಪಾಲಿಸಿದರೆ ಸಾಕಿತ್ತು. ಸರಿಯಾದ ದಿನ ಮಾತ್ರ ಬೇಕಿತ್ತು.

ಆ ದಿನ ದೀಪಾವಳಿಗೆ ಮುಂಚಿನ ಚಿತ್ತಿ ಮಳೆಯಲ್ಲಿ ಬಂತು. ಸಾವಕಾರನಿಗೆ ಆನರರಿ ಮ್ಯಾಜಿಸ್ಟ್ರೇಟ್ ಆಗುವ ಆಸೆ ಹುಟ್ಟಿತ್ತು. ಅದಕ್ಕೆ ದೊಡ್ಡವರ ಶಿಫಾರಸು ಬೇಕು. ಧಾರವಾಡದ ಪೊಲೀಸ್ ಸಾಹೇಬರೊಬ್ಬರು, ಇಂಗ್ಲಿಷರಲ್ಲ, ನಮ್ಮವರೇ, ಹಳೆಯ ಗುಡಿ ಶಾಸನಗಳ ಹುಚ್ಚಿನವರು, ಕ್ಯಾಮರಾ ಹಿಡಿದು ತಿರುಗುವವರು, ಅವನ ಆಮಂತ್ರಣಕ್ಕೆ ಒಪ್ಪಿ ಬಂದಿಳಿದರು. ಮೋಟಾರಿನ ಲೈಸೆನ್ಸುಗಳಿಗೆ ಸಹಿ ಹಾಕುವವರು ಅವರೇ ಎಂದು ಸಾವಕಾರನಿಗೆ ನೆನಪಿರಲಿಲ್ಲವೋ ಏನೋ. ನನಗೆ ಚೆನ್ನಾಗಿ ನೆನಪಿತ್ತು.

ಬೆಳಿಗ್ಗೆ ಹೊರಟೆವು. ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ಸಾಹೇಬರು ಚಾವಣಿಯಲ್ಲಿ ಕೆತ್ತಿದ ಕಮಲದ ಕೆಳಗೆ ಅಂಗಾತ ಮಲಗಿ ಚಿತ್ರ ತೆಗೆದರು. ಅಲ್ಲಿಂದ ಆಡೂರಿಗೆ ಹೋದೆವು. ಸಾವಕಾರ ಶಾಸನದ ಮೇಲೆ ಕೈಯಾಡಿಸುತ್ತ ನನ್ನ ಮಾತುಗಳನ್ನೇ ಒಪ್ಪಿಸಿದ. ಸಾಹೇಬರು "ಭಾಳ ತಿಳಕೊಂಡೀರಿ" ಎಂದರು. ಅವನ ಎದೆ ಒಂದು ಗೇಣು ಉಬ್ಬಿತು. ಗದ್ದೆಗಳಲ್ಲಿ ಭತ್ತ ತೆನೆಗೆ ಬಂದಿತ್ತು, ತಂಪು ಗಾಳಿ, ತಲೆಯ ಮೇಲಿನ ಟಪ್ಪು ಮಡಚಿದ ಮೋಟಾರು. ದಾರಿ ಅಷ್ಟು ಚೆಂದವಿದ್ದ ಇನ್ನೊಂದು ದಿನ ನನಗೆ ನೆನಪಿಲ್ಲ. ನನ್ನ ಹೊಟ್ಟೆಯೊಳಗಿನ ಉರಿಗೆ ಆ ಚೆಂದ ತುಪ್ಪ ಹೊಯ್ದಂತಾಯಿತು.

ಮುಂದಿನದು ಸವಣೂರು ಎಂದು ಹಿಂದಿನ ಸೀಟಿನ ಮಾತಿನಿಂದ ತಿಳಿದಿತ್ತು. ಬಂಕಾಪುರ ದಾಟಿದ ಮೇಲೆ ದಾರಿ ಒಡೆಯುವಲ್ಲಿ ಮೋಟಾರು ನಿಲ್ಲಿಸಿದೆ. ಎಡಕ್ಕೆ ಶಿಗ್ಗಾವಿಯ ಹೆದ್ದಾರಿ; ಸುತ್ತಾದರೂ ಗಟ್ಟಿ, ಅಲ್ಲಿಂದ ಸವಣೂರಿಗೆ ಗರಸು ಹಾಕಿದ ರಸ್ತೆ ಇದೆ. ನೇರಕ್ಕೆ ಎರಿ ಹೊಲಗಳ ನಡುವಿನ ಗಾಡಿದಾರಿ. ಆ ದಾರಿಯಿಂದ ಸವಣೂರಿನ ಕಡೆಯ ಹೆಣ್ಣುಮಕ್ಕಳು ತಲೆಯ ಮೇಲೆ ವೀಳ್ಯದೆಲೆಯ ಬುಟ್ಟಿ ಹೊತ್ತು ಬರುತ್ತಿದ್ದರು. ನಾನು ಅವರ ಕಾಲು ನೋಡಿದೆ. ಎರಿ ದಾರಿಯಲ್ಲಿ ನೆಲ ನೋಡಿ ಏನೂ ತಿಳಿಯುವುದಿಲ್ಲ, ಒಂದು ಬಿಸಿಲಿಗೆ ಮೇಲೆ ಹಪ್ಪಳದಂತೆ ಒಣಗಿರುತ್ತದೆ. ಬರುವವರ ಕಾಲು ನೋಡಬೇಕು. ಅಪ್ಪ ಕಲಿಸಿದ್ದು. ಅವರೆಲ್ಲರಿಗೆ ಮೊಣಕಾಲಿನವರೆಗೆ ಕಪ್ಪು ಕೆಸರು, ಹಸಿ ಕೆಸರು. ಹಿಂದಿನ ದಿನ ಮೂಡಲಲ್ಲಿ ಕಂಡ ಮಳೆ ಇಲ್ಲೇ ಬಿದ್ದಿತ್ತು.

ಸುಮ್ಮನೆ ಕೂತೆ. ಇಂಜಿನು ಗುರುಗುಟ್ಟುತ್ತಿತ್ತು. ಹಿಂದೆ ಸಾವಕಾರ ಸವಣೂರಿನ ದೊಡ್ಡಹುಣಸೆ ಮರಗಳ ವಿಷಯ ಹೇಳುತ್ತಿದ್ದ, ಹತ್ತು ಮಂದಿ ಕೈ ಹಿಡಿದು ನಿಂತರೂ ತಬ್ಬಲಾಗದು ಎಂದು. ಸಾಹೇಬರು ಕೇಳಿದರು, "ಯಾಕ ನಿಂತೈತಿ? ಹಾದಿ ಯಾವುದು?"

ತನ್ನ ಸೀಮೆಯ ದಾರಿ ತನಗೆ ಗೊತ್ತಿಲ್ಲ ಎಂದು ಸಾಹೇಬರ ಮುಂದೆ ಅವನು ಹೇಗೆ ಒಪ್ಪಿಯಾನು. ಇಡೀ ಕೈ ಚಾಚಿ ನೇರಕ್ಕೆ ತೋರಿಸಿದ.

"ಇದ ನೋಡ್ರಿ ಸಾಹೇಬರ. ನಮ್ಮ ಅಜ್ಜನ ಕಾಲದ ಹಾದಿ. ನಡಿಯಲೇ, ನಡಿ."

ಒಂದು ಮಾತು ಸಾಕಿತ್ತು. ಎರಿ ಹಸಿ ಐತ್ರಿ ಎಂದರೆ ಮುಗಿದಿತ್ತು. ನಾನು ಗೇರು ಹಾಕಿದೆ.

ಅರ್ಧ ಮೈಲಿ ಸುಖವಾಗಿ ಹೋಯಿತು. ಆಮೇಲೆ ಮೋಟಾರು ಭಾರವಾಯಿತು. ಎರಿಮಣ್ಣು ಗಾಲಿಗೆ ಸುತ್ತಿಕೊಂಡು, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗುವುದೇ ನಿಂತು, ಗಾಲಿಯಿಲ್ಲದ ಪೆಟ್ಟಿಗೆಯ ಹಾಗೆ ಒಂದು ಮಾರು ಜಾರಿ, ಪಕ್ಕಕ್ಕೆ ವಾಲಿ, ಹೂತಿತು. ಸಾಹೇಬರು ಇಳಿದರು. ಬೂಟು ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬಂತು. ಸಾವಕಾರ ಬೂಟು ಕೀಳಲು ಬಗ್ಗಿದವನು ಕೂತೇಬಿಟ್ಟ, ರೇಶಿಮೆ ಅಂಚಿನ ಧೋತರದ ಸಮೇತ. ಆ ದಾರಿಯಲ್ಲಿ ಇನ್ನೂ ಬರುತ್ತಿದ್ದ ಎಲೆಬುಟ್ಟಿಯ ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡರು, ಆದರೂ ನಗು ಹೊರಗೆ ಬಂತು. ನಾನು ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಸಮಾಧಾನ ಮತ್ತೆಂದೂ ಆಗಿಲ್ಲ. ಮದುವೆಯ ದಿನವೂ ಆಗಿಲ್ಲ.

ಹೊಲದ ರೈತನೊಬ್ಬ ಎರಡು ಜೋಡಿ ಎತ್ತು ತಂದ. ಗಾಲಿಯ ಸಂದಿಯ ಮಣ್ಣನ್ನು ಕುಡಗೋಲಿನಿಂದ ಕೆತ್ತುತ್ತ ಅವನೇ ಮೊದಲು ಕೇಳಿದ, "ಇವತ್ತು ನಾವ ಈ ಹಾದೀಗೆ ಗಾಡಿ ಬಿಟ್ಟಿಲ್ಲ. ನೀವು ಮೋಟಾರ ಯಾಕ ತಂದ್ರಿ?"

ಸಾಹೇಬರು ನನ್ನ ಕಡೆ ತಿರುಗಿದರು. "ನಿನಗ ಗೊತ್ತಿರಲಿಲ್ಲೇನು?"

"ಗೊತ್ತಿತ್ರಿ."

"ಮತ್ತ ಯಾಕ ಹೇಳಲಿಲ್ಲ?"

"ಹಾದಿ ವಿಷಯ ಬಾಯಿ ತಗೀಬ್ಯಾಡ ಅಂತ ಸಾವಕಾರ್ರ ಹುಕುಂ ಐತ್ರಿ. ಕೈ ಮಾಡಿದ ಕಡೆ ಹೋಗೂದ್ರಿ ನನ್ನ ಕೆಲಸ."

ಸಾಹೇಬರು ಸಾವಕಾರನನ್ನು ನೋಡಿದರು. ಕೆಸರಿನಲ್ಲಿ ನಿಂತ ಅವನು ನೆಲ ನೋಡಿದ. ನಾನು ಕಾಯುತ್ತಿದ್ದ ಪ್ರಶ್ನೆ ಆಗ ಬಂತು.

"ಲೈಸೆನ್ಸ್ ತೋರಿಸು."

"ನನ್ನ ಹತ್ರ ಇಲ್ರಿ. ಸಾವಕಾರ್ರ ಪೆಟಗಿಯೊಳಗ ಐತ್ರಿ. ಮೂರು ತಿಂಗಳಾತ್ರಿ."

ಕಾನೂನಿನವರ ಸಿಟ್ಟು ಬೇರೆ ಥರ. ಅವರು ದನಿ ಏರಿಸಲಿಲ್ಲ. ಸವಣೂರು ಬೇಡ, ತಿರುಗಿಸು ಎಂದರು. ತಿರುಗಿ ಬರುವಾಗ ಮುಂದೆ ನನ್ನ ಪಕ್ಕ ಕೂತರು. ಹಿಂದಿನ ಸೀಟಿನಲ್ಲಿ ಸಾವಕಾರ ಒಬ್ಬನೇ, ಒಣಗುತ್ತಿದ್ದ ಮಣ್ಣಿನೊಡನೆ. ಹಾನಗಲ್ಲಿನ ಪೇಟೆಯ ನಡುವೆ ನಾನು ಬೇಕೆಂದೇ ನಿಧಾನವಾಗಿ ಹೋದೆ, ಮಂದಿ ನೋಡಲಿ ಎಂದು.

ಇನ್ನೂ ಬಿಸಿಲಿದ್ದಾಗ ಅಕ್ಕಿಆಲೂರು ಮುಟ್ಟಿದೆವು. ಸಾಹೇಬರು ಚಹಾ ಒಲ್ಲೆ ಎಂದು, ಪೆಟ್ಟಿಗೆ ತೆಗೆಸಿದರು. ಸಾವಕಾರ ಪುಸ್ತಕ ತಂದುಕೊಟ್ಟ. ಅದರ ವರ್ಷ ತುಂಬಿರುತ್ತದೆ, ಹೊಸ ಸಹಿ ಇರುವುದಿಲ್ಲ, ಬರಲಿ ಇವನ ಬಾಯಿಗೆ ಮಣ್ಣು ಎಂದು ನಾನು ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ಸಾಹೇಬರು ಹಾಳೆ ತಿರುವಿ ನಿಂತರು.

"ಇದಕ್ಕ ನಾನ ಸಹಿ ಮಾಡೇನಲ್ಲ. ಹದಿನೈದು ದಿನ ಆಗೈತಿ. ಯಾರು ತಂದಿದ್ರು?"

"ನಮ್ಮ ಗುಮಾಸ್ತನ ಕೈಲೆ ಕಳಿಸಿದ್ನಿರಿ," ಎಂದ ಸಾವಕಾರ. "ವರ್ಷ ತುಂಬಾಕತ್ತಿತ್ತಲ್ರಿ."

ಒಬ್ಬನ ಲೈಸೆನ್ಸು ಇನ್ನೊಬ್ಬನ ಪೆಟ್ಟಿಗೆಯಲ್ಲಿ ಇರಬಾರದು ಎಂದು ಸಾಹೇಬರು ಅವನಿಗೆ ಹೇಳಿದ್ದು, ನನ್ನ ಕೈಗೆ ಪುಸ್ತಕ ಕೊಟ್ಟದ್ದು, ಬಸ್ಸು ಹತ್ತಿ ಹೋದದ್ದು ಎಲ್ಲ ಕಂಡೆ, ಅರ್ಧ ಮಾತ್ರ ಕೇಳಿಸಿತು. ಮ್ಯಾಜಿಸ್ಟ್ರೇಟ್ ಗಾದಿ ಆ ವರ್ಷ ಹಾನಗಲ್ಲಿನ ಇನ್ನೊಬ್ಬರಿಗೆ ಹೋಯಿತು. ಅಷ್ಟರ ಮಟ್ಟಿಗೆ ನಾನು ಗೆದ್ದೆ.

ಉಳಿದವರು ನಾವಿಬ್ಬರೇ. ಸಾವಕಾರ ಕಟ್ಟೆಯ ಮೇಲೆ ಕೂತು ಕಾಲಿನ ಮಣ್ಣು ಕೆರೆಯುತ್ತಿದ್ದ. ಅವನು ಕೂಗಾಡಲಿ ಎಂದು ಕಾದೆ. ಕೂಗಾಡಿದರೆ ನನ್ನಲ್ಲಿ ಮೂರು ತಿಂಗಳ ಮಾತು ತಯಾರಿತ್ತು. ಅವನು ದಣಿದ ದನಿಯಲ್ಲಿ ಹೇಳಿದ.

"ಲೈಸೆನ್ಸ್ ಬೇಕಿತ್ತಂದ್ರ ಕೇಳಬೇಕಿತ್ತಪ. ಕೇಳಿದ್ರ ಒಲ್ಲೆ ಅಂತಿದ್ನೇನು?"

"ಕೇಳಿದ್ದಕ್ಕ ಅಲ್ರಿ ನೀವು ಹೊಡದದ್ದು?" ಎಂದೆ.

ಅವನು ತಲೆ ಎತ್ತಿದ. ನಾಟಕವಾಡುವ ಮನುಷ್ಯ ಅಲ್ಲ ಅವನು, ಅದು ಗೊತ್ತಾಗುವಷ್ಟು ಅವನ ಮುಖವನ್ನು ಮೋಟಾರಿನ ಕನ್ನಡಿಯಲ್ಲಿ ನೋಡಿದ್ದೆ.

"ನಾನು? ನಿನಗ ಯಾವಾಗ ಹೊಡದೆ?"

ಸಂತೆಯ ದಿನ ಹೇಳಿದೆ. ಗಿರಣಿಯ ಮುಂದೆ, ಇಲ್ಲೇ, ಮಂದಿಯ ನಡುವೆ ಎಂದು ನಿಂತ ಜಾಗ ತೋರಿಸಿದೆ. ಅವನು ಆ ಜಾಗ ನೋಡಿದ, ಸ್ವಲ್ಪ ಹೊತ್ತು ನೆನಪು ಮಾಡಿಕೊಳ್ಳಲು ನೋಡಿದ, ಸಿಗಲಿಲ್ಲ.

"ಹೊಡದಿದ್ದೀನು ಬಿಡು," ಎಂದ. "ಮೋಟಾರ ಈಗ ತೊಳದು ಬಿಡು. ಎರಿ ಒಣಗಿದ್ರ ಏಳಂಗಿಲ್ಲ."

ನಾನು ಮೋಟಾರು ತೊಳೆಯಲಿಲ್ಲ. ಲೈಸೆನ್ಸು ಕಿಸೆಯಲ್ಲಿಟ್ಟುಕೊಂಡು ಹಿರೇಕೆರೂರಿನ ದಾರಿ ಹಿಡಿದೆ. ದೀಪಾವಳಿಗೆ ಬಸ್ಸು ಸಿಕ್ಕಿತು, ಯುದ್ಧದ ವರ್ಷಗಳಲ್ಲಿ ಪೆಟ್ರೋಲು ಸಿಗದೆ ಇದ್ದಿಲು ಉರಿಸಿ ಓಡಿಸಿದೆ, ಆ ಎಲ್ಲ ದಾರಿಗಳನ್ನೂ ಸಾವಿರ ಸಲ ಕಂಡೆ. ಆ ಏಟು ನಮ್ಮಿಬ್ಬರಿಗೂ ನೆನಪಿದೆ ಎಂದು ಮೂರು ತಿಂಗಳು ನಂಬಿದ್ದೆ. ನೆನಪಿದ್ದದ್ದು ನನಗೊಬ್ಬನಿಗೇ. ಅದಕ್ಕೆ ಮಾತ್ರ ನಾನು ಇಂದಿಗೂ ಅವನನ್ನು ಕ್ಷಮಿಸಿಲ್ಲ.